ಇಲಿ ಕಡಿಯದಂತೆ ತಡೆಯುವ ಖಾರದ ಟೇಪು: ವೈರ್‌ಗೆ ಕಾವಲು, ಕಾರಿಗಲ್ಲ

ಇಲಿ ಕಡಿದ ವೈರನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಅದರ ಗುರುತು ಮರೆಯುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ಮೇಲೆ ಜೋಡಿ ಜೋಡಿಯಾಗಿ ಸಾಗಿದ ಸಣ್ಣ ಗೀರುಗಳು, ಅವುಗಳ ನಡುವೆ ಸುಲಿದು ಹೊರಬಿದ್ದ ತಾಮ್ರದ ಎಳೆಗಳು, ಕೆಳಗಿನ ತಟ್ಟೆಯಲ್ಲಿ ಉದುರಿಬಿದ್ದ ಬಣ್ಣದ ಚೂರುಗಳು. ಬಳಸಿ ಬಳಸಿ ಸವೆದ ವೈರು ಹೀಗೆ ಕಾಣುವುದಿಲ್ಲ. ಕಡಿದದ್ದು ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿನ ವೈರಾದರೆ ಎಂಜಿನ್ ನಡುಗುತ್ತದೆ. ಚಕ್ರದ ಸೆನ್ಸರಿನದಾದರೆ ಬ್ರೇಕಿನ ಎಬಿಎಸ್ ವ್ಯವಸ್ಥೆಯ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ಪೂರ್ತಿ ತುಂಡಾಗದೆ ಎರಡು ಎಳೆಗಳಲ್ಲಿ ನೇತಾಡುತ್ತಿದ್ದರೆ ದೋಷವು ಬಂದು ಹೋಗುತ್ತಾ ಮೆಕ್ಯಾನಿಕ್‌ನ ತಾಳ್ಮೆಯನ್ನೇ ಪರೀಕ್ಷಿಸುತ್ತದೆ. ಇಂತಹ ರಿಪೇರಿಯಲ್ಲಿ ವೈರಿನ ಬೆಲೆ ಅತ್ಯಲ್ಪವಾಗಿದ್ದು, ಅದನ್ನು ತಲುಪಲು ಬಿಚ್ಚಬೇಕಾದ ಭಾಗಗಳ ಕೂಲಿಯೇ ಬಿಲ್ಲಿನ ಬಹುಪಾಲನ್ನು ನುಂಗುತ್ತದೆ.

ಈ ಕಾಟಕ್ಕೆಂದೇ ಮಾರಾಟವಾಗುವ ವಸ್ತುಗಳಲ್ಲಿ ನಾನು ಇಲ್ಲಿ ಮುಖ್ಯವಾಗಿ ವಿಮರ್ಶಿಸುತ್ತಿರುವುದು ಹೋಂಡಾ ಬಿಡಿಭಾಗಗಳ ಪಟ್ಟಿಯಲ್ಲಿ 4019-2317 ಎಂಬ ಸಂಖ್ಯೆಯಲ್ಲಿ ಸಿಗುವ, ಸುಮಾರು 20 ಮೀಟರ್ ಉದ್ದದ ಖಾರದ ಟೇಪನ್ನು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕವನ್ನು ಇದಕ್ಕೆ ಸೇರಿಸಲಾಗಿದೆ. ತಯಾರಕರ ಹೆಸರು ಹೋಂಡಾ ಆದರೂ ಸುತ್ತುವ ಟೇಪಿಗೆ ಕಾರಿನ ಜಾತಿಭೇದವಿಲ್ಲ. ಯಾವ ಕಾರಿನ ವೈರಿಂಗಿಗಾದರೂ ಇದು ಹೊಂದುತ್ತದೆ.

ಇದು ಕೆಲಸ ಮಾಡುವ ಬಗೆಯನ್ನು ಅರಿತರೆ ಇದರಿಂದ ಎಷ್ಟನ್ನು ನಿರೀಕ್ಷಿಸಬೇಕೆಂಬುದೂ ತಿಳಿಯುತ್ತದೆ. ಇಲಿಯ ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಗಟ್ಟಿ ಎನಾಮಲ್ ಮುಂಬದಿಯಲ್ಲಿ ಮಾತ್ರ ಇರುವುದರಿಂದ ಹಿಂಬದಿ ಬೇಗ ಸವೆದು, ಹಲ್ಲು ಉಳಿಯಂತೆ ತಾನೇ ಹರಿತವಾಗುತ್ತದೆ. ಆದ್ದರಿಂದ ಕಡಿಯುವುದು ಅದರ ಸ್ವಭಾವವೇ ಹೊರತು ಹಸಿವಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕ್ಯಾಪ್ಸೈಸಿನ್ ಆ ಕ್ಷಣದಲ್ಲೇ ಇಲಿಯ ಬಾಯಿಯ ನರಗಳನ್ನು ಕೆರಳಿಸುತ್ತದೆ. ಸುಡುವ ಬಿಸಿಗೂ ಖಾರಕ್ಕೂ ಸ್ಪಂದಿಸುವ ಆ ನರಗ್ರಾಹಕವನ್ನು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿತು. ಆ ಸಂಶೋಧನೆಗಾಗಿ 2021ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. ಬಹುತೇಕ ಸಸ್ತನಿಗಳಿಗೆ ತಟ್ಟುವ ಈ ಉರಿ ಹಕ್ಕಿಗಳಿಗೆ ತಟ್ಟುವುದಿಲ್ಲವೆಂಬುದು ಬೇರೆ ಮಾತು.

ಆದರೆ ಕ್ಯಾಪ್ಸೈಸಿನ್ ಸುಲಭವಾಗಿ ಆವಿಯಾಗಿ ಗಾಳಿಯಲ್ಲಿ ಹರಡುವ ವಸ್ತುವಲ್ಲ. ಇಲಿ ಟೇಪಿಗೆ ಬಾಯಿ ಹಾಕಿದಾಗಲೇ ಅದರ ಪರಿಣಾಮ. ಅಂದರೆ ಈ ಟೇಪು ತಾನು ಸುತ್ತಿಕೊಂಡಿರುವ ವೈರನ್ನು ಕಾಯುತ್ತದೆ. ಪಕ್ಕದ ವೈರನ್ನು ಕಾಯುವುದಿಲ್ಲ, ಬಾನೆಟ್‌ನೊಳಗೆ ಇಲಿ ಬಂದು ಮಲಗುವುದನ್ನಂತೂ ತಡೆಯುವುದೇ ಇಲ್ಲ. ನನ್ನ ಕಾರಿನಲ್ಲಿ ಟೇಪು ಸುತ್ತಿದ ಭಾಗಗಳಲ್ಲಿ ಹೊಸ ಹಲ್ಲಿನ ಗುರುತು ಬೀಳಲಿಲ್ಲ. ಆದರೆ ಬಾನೆಟ್ ಒಳಮೈಯ ಶಾಖತಡೆ ಹಾಸನ್ನು ಕಿತ್ತು, ಆ ನಾರನ್ನು ಬ್ಯಾಟರಿಯ ಹಿಂದೆ ಗೂಡಾಗಿ ಗುಡ್ಡೆ ಹಾಕುವ ಕೆಲಸ ಸ್ವಲ್ಪವೂ ನಿಲ್ಲಲಿಲ್ಲ. ಇದನ್ನು ಟೇಪಿನ ಸೋಲೆಂದು ನಾನು ಎಣಿಸುವುದಿಲ್ಲ. ಅದು ಮಾಡದ ಕೆಲಸವನ್ನು ಮಾಡುತ್ತದೆಂದು ನಂಬಿಸುವ ಮಾರಾಟಗಾರರ ಬಗ್ಗೆ ಮಾತ್ರ ನನಗೆ ತಕರಾರಿದೆ.

ಸುತ್ತುವ ಕೆಲಸಕ್ಕೆ ಸಮಾಧಾನ ಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಜಿಡ್ಡು ಒರೆಸಿ, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಎಳೆದರೆ ಸಂದು ಉಳಿಯುವುದಿಲ್ಲ. ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗುವಲ್ಲಿ ಮತ್ತು ಬೆಲ್ಟು ತಿರುಗುವ ಹಾದಿಯಲ್ಲಿ ಸುತ್ತಲೇಬಾರದು. ಏರ್‌ಬ್ಯಾಗಿನ ಹಳದಿ ವೈರುಗಳ ತಂಟೆಗೆ ಹೋಗದಿರುವುದು ಲೇಸು. ಕೈಗವಸು ಕಡ್ಡಾಯ. ಬೆರಳಿಗೆ ಅಂಟಿದ ಖಾರ ಬರೀ ನೀರಿಗೆ ಹೋಗುವುದಿಲ್ಲ, ಸೋಪಿನಿಂದ ಉಜ್ಜಿ ತೊಳೆಯಬೇಕು, ಅಲ್ಲಿಯವರೆಗೆ ಕಣ್ಣು ಮುಟ್ಟಿಕೊಳ್ಳಬಾರದು. ಒಂದು ಸುರುಳಿಯಲ್ಲಿ ಇಡೀ ಕಾರಿನ ವೈರಿಂಗನ್ನು ಮುಚ್ಚಲು ಸಾಧ್ಯವಿಲ್ಲದ ಕಾರಣ, ಮೇಲಿನಿಂದ ಕೈಗೆ ಸಿಗುವ ಇಂಜೆಕ್ಟರ್ ಹಾರ್ನೆಸ್ (ವೈರುಗಳ ಕಟ್ಟು), ಆಕ್ಸಿಜನ್ ಸೆನ್ಸರಿನ ವೈರುಗಳ ತಣ್ಣನೆಯ ಭಾಗ ಮತ್ತು ಈಗಾಗಲೇ ಒಮ್ಮೆ ಕಡಿಸಿಕೊಂಡ ಜಾಗ, ಇವುಗಳಿಗೆ ಆದ್ಯತೆ ಕೊಡುವುದು ಜಾಣತನ. ಕಡಿದ ವೈರನ್ನು ಮೊದಲು ಸರಿಯಾಗಿ ಜೋಡಿಸದೆ ಮೇಲೆ ಟೇಪು ಸುತ್ತುವುದು ಮಾತ್ರ ಅನರ್ಥ. ತೇವ ಸೇರಿ ತಾಮ್ರ ಹಸಿರುಗಟ್ಟುತ್ತದೆ, ದೋಷ ಹುಡುಕುವವರಿಗೆ ಅದು ಕಣ್ಣಿಗೂ ಬೀಳುವುದಿಲ್ಲ.

ಬ್ಯಾಟರಿಗೆ ಜೋಡಿಸುವ ಅಲ್ಟ್ರಾಸಾನಿಕ್ ಯಂತ್ರವೊಂದನ್ನೂ ಬಳಸಿ ನೋಡಿದ್ದೇನೆ. ಕಂಪನಿಯ ಹೆಸರು ಇಲ್ಲಿ ಅನಗತ್ಯ. ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಸ್‌ಗೆ ಕೈಚೆಲ್ಲುತ್ತದೆ, ಇಲಿಗೆ ಅದಕ್ಕಿಂತ ಬಹಳ ಮೇಲಿನ ಧ್ವನಿಯೂ ಕೇಳುತ್ತದೆ ಎಂಬಲ್ಲಿಯವರೆಗೆ ಇದರ ವಿಜ್ಞಾನ ಸರಿಯೇ. ಆದರೆ ಅಷ್ಟು ಎತ್ತರದ ಧ್ವನಿ ಎಂಜಿನ್ನು, ಬ್ಯಾಟರಿಗಳಂತಹ ಅಡೆತಡೆಗಳ ಹಿಂದಕ್ಕೆ ತೂರುವುದಿಲ್ಲ. ಕೇಳಿದರೂ ಇಲಿಗಳು ಬೇಗ ಒಗ್ಗಿಕೊಳ್ಳುತ್ತವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿಯೇ 60ಕ್ಕೂ ಹೆಚ್ಚು ತಯಾರಕರು ಮತ್ತು ಮಾರಾಟಗಾರರಿಗೆ ಇಂತಹ ಯಂತ್ರಗಳ ಗುಣಗಾನಕ್ಕೆ ವೈಜ್ಞಾನಿಕ ಆಧಾರವಿರಬೇಕೆಂದು ಎಚ್ಚರಿಕೆಯ ಪತ್ರ ಕಳಿಸಿತ್ತು. ನನ್ನ ಯಂತ್ರದ ಹಸಿರು ದೀಪ ನಿಷ್ಠೆಯಿಂದ ಮಿನುಗುತ್ತಿತ್ತು. ಅದರ ಬುಡದಲ್ಲೇ ಹಿಕ್ಕೆ ಬಿದ್ದಿತ್ತು. ಪುದೀನ ಎಣ್ಣೆಯ ಸ್ಪ್ರೇಗಳು ಬಿಸಿ ಬಾನೆಟ್‌ನಲ್ಲಿ ಬೇಗ ಆರಿಹೋಗುತ್ತವೆ. ನ್ಯಾಫ್ತಲಿನ್ ಗುಳಿಗೆಯ ಆವಿ ಗಾಳಿಕಿಂಡಿಯ ಮೂಲಕ ಒಳಗೆ ಕುಳಿತವರ ಉಸಿರಿಗೆ ಸೇರುವುದರಿಂದ ಅದನ್ನು ಇಡಲೇಬಾರದು. ಪಾಷಾಣ ತಿಂದ ಇಲಿ ಎಲ್ಲೋ ಕೈಗೆಟುಕದ ಕೊಳವೆಯಲ್ಲಿ ಸತ್ತರೆ ಆ ವಾಸನೆಗೆ ಪರಿಹಾರವಿಲ್ಲ, ಅದನ್ನು ತಿಂದ ಬೆಕ್ಕು ಗೂಬೆಗಳಿಗೂ ಅಪಾಯ.

ಹಾಗಾದರೆ ಟೇಪಿನ ಜೊತೆಗೆ ಏನು ಬೇಕು? ಒಂದನೆಯದು ಸಣ್ಣ ಕಣ್ಣಿನ ಉಕ್ಕಿನ ಜಾಲರಿ. ಚುಂಡಿಲಿಗೆ ಸುಮಾರು 6 ಮಿಲಿಮೀಟರ್ ಸಂದು ಸಾಕು ಎಂಬುದರಿಂದ ಜಾಲರಿಯ ಕಣ್ಣು ಅದಕ್ಕಿಂತ ಚಿಕ್ಕದಿರಬೇಕು. ಕ್ಯಾಬಿನ್ ಫಿಲ್ಟರಿಗೆ ಗಾಳಿ ಬರುವ ಬಾಯಿಗೆ ಇದನ್ನು ಕಟ್ಟಿಸಿದ ಮೇಲೆ ಫಿಲ್ಟರಿನ ಮೇಲೆ ಗೂಡು ಕಾಣಿಸಿಲ್ಲ. ಎರಡನೆಯದು ಕಾರು ನಿಲ್ಲುವ ಜಾಗದ ಗೋಡೆಯುದ್ದಕ್ಕೂ ಇಟ್ಟ ಬೋನು. ಹೆಗ್ಗಣಗಳು ಹೊಸ ವಸ್ತುವನ್ನು ಕಂಡರೆ ಕೆಲ ದಿನ ದೂರವೇ ಇರುತ್ತವೆ, ಆದ್ದರಿಂದ ಮೊದಲ ರಾತ್ರಿಯೇ ಬೀಳಲಿಲ್ಲವೆಂದು ಅದನ್ನು ಎತ್ತಿಡಬಾರದು. ಇವೆರಡಕ್ಕೂ ಟೇಪಿನಷ್ಟು ಪ್ರಚಾರವಿಲ್ಲ. ಗೂಡನ್ನು ನಿಲ್ಲಿಸಿದ್ದು ಮಾತ್ರ ಇವೇ.

ಇರುವ ಗೂಡನ್ನು ತೆಗೆಯುವಾಗ ಒಣಗಿದ್ದನ್ನು ಹಾಗೆಯೇ ಗುಡಿಸುವುದಾಗಲಿ ವ್ಯಾಕ್ಯೂಮ್ ಹಿಡಿಯುವುದಾಗಲಿ ಕೂಡದು, ಏಕೆಂದರೆ ಹಿಕ್ಕೆಯ ಧೂಳಿನಿಂದ ಹಂಟಾವೈರಸ್, ಮೂತ್ರದಿಂದ ಇಲಿಜ್ವರ ತಗಲುವ ಸಾಧ್ಯತೆಯಿದೆ. ಕೈಗವಸು ಹಾಕಿ, ಸೋಂಕುನಿವಾರಕ ಸಿಂಪಡಿಸಿ, 5 ನಿಮಿಷ ನೆನೆಯಲು ಬಿಟ್ಟು ಒರೆಸಿ ತೆಗೆಯಬೇಕು. ಟೇಪು ಸುತ್ತುವುದು ಅದಾದ ನಂತರದ ಕೆಲಸ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ವಾರಗಟ್ಟಲೆ ನಿಂತೇ ಇರುವ ಕಾರಿಗೆ ಮತ್ತು ಈಗಾಗಲೇ ಒಮ್ಮೆ ಹಾರ್ನೆಸ್ ರಿಪೇರಿ ಮಾಡಿಸಿದವರಿಗೆ ಇದು ಯೋಗ್ಯ ಖರೀದಿ. ದಿನವೂ ಓಡುವ, ಹಿಕ್ಕೆಯ ಸುಳಿವೇ ಇಲ್ಲದ ಕಾರಿನವರು ಮೊದಲು ಜಾಲರಿ ಕೊಳ್ಳಲಿ.