ಅಂಗಾಂಗ ಕಸಿಯಾದ ಮಕ್ಕಳ ಮಾಹಿತಿ: ಒಂದೆಡೆ ಸೇರಿಸುವುದೇ, ಇದ್ದಲ್ಲೇ ಇಟ್ಟು ಬಳಸುವುದೇ?

ಒಂದೊಂದು ಆಸ್ಪತ್ರೆಯಲ್ಲಿ ನಡೆಯುವ ಮಕ್ಕಳ ಅಂಗಾಂಗ ಕಸಿಗಳು ಕೆಲವೇ ಆದ್ದರಿಂದ, ಯಾವ ಚಿಕಿತ್ಸೆ ಫಲಿಸಿತೆಂದು ತಿಳಿಯಲು ಹಲವು ಆಸ್ಪತ್ರೆಗಳ ದಾಖಲೆಗಳು ಕೂಡಬೇಕು. ಅದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಕೇಂದ್ರ ನೋಂದಣಿ, ಅಂದರೆ ಎಲ್ಲ ಆಸ್ಪತ್ರೆಗಳ ದಾಖಲೆಗಳನ್ನು ಒಂದೆಡೆ ಸೇರಿಸಿಡುವುದು. ಉತ್ತರ ಅಮೆರಿಕದಲ್ಲಿ ಮಕ್ಕಳ ಮೂತ್ರಪಿಂಡ ಕಸಿಗಾಗಿ 1987ರಲ್ಲಿ ಶುರುವಾದ ಎನ್‌ಎಪಿಆರ್‌ಟಿಸಿಎಸ್, ಯಕೃತ್ತಿನ ಕಸಿಗಾಗಿ 1995ರಲ್ಲಿ ಶುರುವಾದ ಸ್ಪ್ಲಿಟ್ ಎಂಬ ನೋಂದಣಿಗಳು ಈ ಬಗೆಯವು. ಎಲ್ಲವೂ ಒಂದೇ ನಮೂನೆಯಲ್ಲಿರುವುದರಿಂದ ತಪ್ಪು ಹುಡುಕುವುದು ಸುಲಭ. ಆದರೆ ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಯದು. ಅಪರೂಪದ ಕಾಯಿಲೆ, ಕಸಿಯಾದ ದಿನ ಮತ್ತು ಊರು ಗೊತ್ತಾದರೆ ಮಗು ಯಾರೆಂದು ನೆರೆಹೊರೆಯವರೂ ಊಹಿಸಬಲ್ಲರು.

ಎರಡನೆಯದು ಫೆಡರೇಟೆಡ್ ವಿಧಾನ. ಇಲ್ಲಿ ದಾಖಲೆಗಳು ಆಸ್ಪತ್ರೆಯ ಸರ್ವರ್‌ನಿಂದ ಕದಲುವುದಿಲ್ಲ, ಲೆಕ್ಕಾಚಾರ ಅಲ್ಲಿಯೇ ನಡೆದು ಫಲಿತಾಂಶ ಮಾತ್ರ ಹೊರಹೋಗುತ್ತದೆ. ಗೋಪ್ಯತೆಗೆ ಇದೇ ಮೇಲು. ಆದರೆ ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಔಷಧಿಯ ರಕ್ತದ ಮಟ್ಟವನ್ನೇ ನೋಡಿ: ಬೆಳಗಿನ ಔಷಧಿಗೆ ಮುಂಚೆ ತೆಗೆದ ರಕ್ತದಲ್ಲಿ ಬಂದ 8ಕ್ಕೂ, ಔಷಧಿ ಕುಡಿದ ಮೇಲೆ ಬಂದ 8ಕ್ಕೂ ಅರ್ಥವೇ ಬೇರೆ, ಮತ್ತು ರಕ್ತ ತೆಗೆದ ಸಮಯವನ್ನು ಒಂದು ಆಸ್ಪತ್ರೆ ಬರೆಯದೆ ಬಿಟ್ಟಿದ್ದರೆ ಮೂಲ ಕಡತ ಕಾಣದ ವಿಶ್ಲೇಷಕರಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ.

ತಾಂತ್ರಿಕ ತಂಡವಿಲ್ಲದ ಸಣ್ಣ ಕೇಂದ್ರಕ್ಕೆ ನಾನು ನೋಂದಣಿಯನ್ನೇ ಸೂಚಿಸುತ್ತೇನೆ. ದಾಖಲೆಗಳ ಶಿಸ್ತು ಈಗಾಗಲೇ ಇರುವ ದೊಡ್ಡ ಆಸ್ಪತ್ರೆಗಳಿಗೆ ಎರಡನೆಯದು ಒಪ್ಪುತ್ತದೆ. ಭಾರತದ 2023ರ ವೈಯಕ್ತಿಕ ದತ್ತಾಂಶ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸುವುದರಿಂದ, ಯಾವ ದಾರಿ ಹಿಡಿದರೂ ತಂದೆತಾಯಿಗೆ ಅವರ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯುವ ಕೆಲಸವನ್ನು ಮೊದಲು ಮಾಡಿ.