ಇಂಗ್ಲೆಂಡಿನಲ್ಲಿ ಮಿಡ್‌ವೈಫ್ ಜೊತೆಗಿನ ಮೊದಲ ಭೇಟಿ: ಸ್ಕ್ಯಾನ್ ಇಲ್ಲ, ಪ್ರಶ್ನೆಗಳು ಬಹಳ

ಇಂಗ್ಲೆಂಡಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಹೆರಿಗೆ ಸೇವೆಯಲ್ಲಿ ‘ಬುಕಿಂಗ್ ಅಪಾಯಿಂಟ್‌ಮೆಂಟ್’ ಎಂದು ಕರೆಯುವ ಮೊದಲ ಭೇಟಿಗೆ ನಾನು ಬಸಿರಿನ ಒಂಬತ್ತನೆಯ ವಾರದಲ್ಲಿ ಹೋದೆ. ಊರಿನಲ್ಲಿ ಅಕ್ಕನ ಜೊತೆ ಆಸ್ಪತ್ರೆಗೆ ಓಡಾಡಿದ್ದ ನನಗೆ, ಮೊದಲ ಭೇಟಿಯೆಂದರೆ ಡಾಕ್ಟರು, ಸ್ಕ್ಯಾನಿಂಗ್, ಪರದೆಯ ಮೇಲೆ ಮಿಡಿಯುವ ಪುಟ್ಟ ಚುಕ್ಕೆ ಎಂಬ ಕಲ್ಪನೆಯೇ ಇತ್ತು. ಇಲ್ಲಿ ಆ ದಿನ ಡಾಕ್ಟರೂ ಇರಲಿಲ್ಲ, ಸ್ಕ್ಯಾನೂ ಇರಲಿಲ್ಲ, ಮಗುವಿನ ಎದೆಬಡಿತವನ್ನೂ ಕೇಳಿಸಲಿಲ್ಲ. ಸುಮಾರು ಒಂದು ಗಂಟೆ ಕಾಲ ಬಸಿರು, ಹೆರಿಗೆಗಳನ್ನು ನೋಡಿಕೊಳ್ಳುವ ಮಿಡ್‌ವೈಫ್ ಒಬ್ಬರು ನನ್ನೆದುರು ಕುಳಿತು ಪ್ರಶ್ನೆ ಕೇಳುತ್ತ, ಉತ್ತರಗಳನ್ನು ಕಂಪ್ಯೂಟರಿಗೆ ತುಂಬುತ್ತ ಹೋದರು. ಮನೆಗೆ ಬಂದಾಗ ಸ್ವಲ್ಪ ನಿರಾಸೆಯಾಗಿತ್ತೆಂಬುದು ನಿಜ. ಆದರೆ ಆ ಒಂದು ಗಂಟೆಯ ಬೆಲೆ ನನಗೆ ತಿಳಿದದ್ದು ಆಮೇಲೆ.

ಈ ಭೇಟಿಗೆ ಜಿಪಿಯ (ಬಡಾವಣೆಯ ಸಾಮಾನ್ಯ ವೈದ್ಯರ) ಚೀಟಿ ಬೇಕಿಲ್ಲ. ಆಸ್ಪತ್ರೆಯ ಜಾಲತಾಣದಲ್ಲಿ ನಾವೇ ನೇರವಾಗಿ ಅರ್ಜಿ ತುಂಬಬಹುದು. ಹತ್ತು ವಾರ ತುಂಬುವುದರೊಳಗೆ ಭೇಟಿ ಆಗಬೇಕೆಂಬುದು ಇಲ್ಲಿನ ಮಾರ್ಗಸೂಚಿ. ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆಗಳ ತಪಾಸಣೆಯ ರಕ್ತವನ್ನು ಆ ಅವಧಿಯೊಳಗೆ ತೆಗೆದರೆ, ಮುಂದಿನ ಪರೀಕ್ಷೆಗಳ ಬಗ್ಗೆ ಯೋಚಿಸಲು ದಂಪತಿಗೆ ಸಮಯ ಸಿಗುತ್ತದೆ. ವೀಸಾ ಜೊತೆ ಆರೋಗ್ಯ ಸರ್‌ಚಾರ್ಜ್ ಕಟ್ಟಿ ಬಂದವರಿಗೆ (2024ರ ಫೆಬ್ರವರಿಯಿಂದ ಹೆಚ್ಚಿನ ವಯಸ್ಕರಿಗೆ ಅದು ವರ್ಷಕ್ಕೆ 1,035 ಪೌಂಡ್) ಹೆರಿಗೆ ಆರೈಕೆಗೆ ಬೇರೆ ಬಿಲ್ ಬರುವುದಿಲ್ಲ.

ಮಿಡ್‌ವೈಫ್ ಎಂದರೆ ಸೂಲಗಿತ್ತಿ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಗಾಬರಿಯಾದಳು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದನ್ನು ನೆನಪಿಸಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಇಲ್ಲಿನ ಮಿಡ್‌ವೈಫ್‌ಗಳು ಸಾಮಾನ್ಯವಾಗಿ ಮೂರು ವರ್ಷದ ಪದವಿ ಓದಿ, ಅಧಿಕೃತವಾಗಿ ನೋಂದಣಿಯಾದವರು. ತೊಡಕಿಲ್ಲದ ಮೊದಲ ಬಸಿರಿನಲ್ಲಿ ಒಟ್ಟು ಹತ್ತು ಭೇಟಿಗಳಿರುತ್ತವೆ. ಅವನ್ನೆಲ್ಲ ಇವರೇ ನೋಡಿಕೊಳ್ಳುತ್ತಾರೆ, ಅಗತ್ಯ ಕಂಡರೆ ಮಾತ್ರ ಡಾಕ್ಟರ ಬಳಿ ಕಳುಹಿಸುತ್ತಾರೆ.

ಪರೀಕ್ಷೆಗಳು ಬೇಗ ಮುಗಿಯುತ್ತವೆ. ಎತ್ತರ, ತೂಕ, ಬಿಪಿ ನೋಡಿ, ಮೂತ್ರ ಪರೀಕ್ಷಿಸಿ, ಕೈಯಿಂದ ಕೆಲವು ಪುಟ್ಟ ಸೀಸೆಗಳಷ್ಟು ರಕ್ತ ತೆಗೆಯುತ್ತಾರೆ. ಒಳಪರೀಕ್ಷೆ ಇರಲಿಲ್ಲವೆಂಬುದನ್ನು, ಆ ಭಯ ಇರುವವರಿಗಾಗಿ ಹೇಳುತ್ತಿದ್ದೇನೆ. ಅಂಗೈಯಗಲದ ಒಂದು ಯಂತ್ರದೊಳಗೆ ಉಸಿರು ಬಿಗಿಹಿಡಿದು ಊದಿಸಿದ್ದು ನನಗೆ ಹೊಸದು: ಸಿಗರೇಟಿನಿಂದಾಗಲಿ, ಕೆಟ್ಟ ಗ್ಯಾಸ್ ಬಾಯ್ಲರಿನಿಂದಾಗಲಿ ಕಾರ್ಬನ್ ಮಾನಾಕ್ಸೈಡ್ ದೇಹ ಸೇರಿದೆಯೇ ಎಂದು ಅದು ತೋರಿಸುತ್ತದೆ.

ಪ್ರಶ್ನೆಗಳಲ್ಲಿ ಕೆಲವು ನಮ್ಮವರಿಗೆ ಇರುಸುಮುರುಸು ತರಬಹುದು. ‘ನೀವು ಮತ್ತು ಮಗುವಿನ ತಂದೆ ರಕ್ತಸಂಬಂಧಿಗಳೇ?’ ಎಂದಾಗ ನಾನು ಒಂದು ಕ್ಷಣ ತಡೆದೆ. ನನ್ನ ಗಂಡ ನನ್ನ ಸೋದರಮಾವನ ಮಗ. ಹೌದು ಎಂದೆ. ಅವರು ಮುಖ ಸಿಂಡರಿಸದೆ ಬರೆದುಕೊಂಡು, ಬೇಕಾದರೆ ತಳಿಶಾಸ್ತ್ರದ ಸಲಹೆಗಾರರನ್ನು ಕಾಣಬಹುದೆಂದು ತಿಳಿಸಿದರು. ಹಾಗೆಯೇ ನಾವು ದಕ್ಷಿಣ ಏಷ್ಯಾದವರಾದ್ದರಿಂದ ಬಸಿರಿನಲ್ಲಿ ಸಕ್ಕರೆ ಕಾಯಿಲೆಯ ಸಾಧ್ಯತೆ ಹೆಚ್ಚು, ಆದಕಾರಣ 24ರಿಂದ 28ನೆಯ ವಾರದ ನಡುವೆ ಗ್ಲೂಕೋಸ್ ಪರೀಕ್ಷೆ ಇರುತ್ತದೆ ಎಂದರು.

ಆಮೇಲೆ ಗಂಡನನ್ನು ಹೊರಗೆ ಕೂರಲು ಹೇಳಿದರು. ಬಾಗಿಲು ಮುಚ್ಚಿದ ಮೇಲೆ ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ, ಹೆದರಿಸುತ್ತಾರೆಯೇ, ಕಳೆದ ತಿಂಗಳು ಮನಸ್ಸು ಕುಗ್ಗಿತ್ತೇ ಎಂದು ನಿಧಾನವಾಗಿ ಕೇಳಿದರು. ನನಗೆ ಹೇಳುವಂಥದ್ದೇನೂ ಇರಲಿಲ್ಲ, ಆದರೂ ಗಂಟಲು ಕಟ್ಟಿತು. ಆ ಪ್ರಶ್ನೆಯನ್ನು ಯಾರೂ ನನ್ನನ್ನು ಎಂದೂ ಕೇಳಿರಲಿಲ್ಲ. ಇಂಗ್ಲಿಷ್ ಸರಾಗವಾಗಿ ಬಾರದ ಹೆಣ್ಣುಮಕ್ಕಳ ಜೊತೆ ಗಂಡನೋ ಅತ್ತೆಯೋ ಅನುವಾದಕ್ಕೆಂದು ಕೂರುವುದನ್ನು ನಾನು ಇಲ್ಲಿ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಜಿ ತುಂಬುವಾಗಲೇ ಕನ್ನಡ ದುಭಾಷಿ ಬೇಕೆಂದು ಕೇಳಿ. ಆ ಸೇವೆಗೆ ಹಣ ತೆಗೆದುಕೊಳ್ಳುವುದಿಲ್ಲ.

ನನಗೆ ಬೇಸರ ತಂದದ್ದು ಆಹಾರದ ಸಲಹೆ. ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ ಹನ್ನೆರಡನೆಯ ವಾರದವರೆಗೆ, ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ, ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ಮೀರಬಾರದು ಎಂಬುದನ್ನೆಲ್ಲ ಸ್ಪಷ್ಟವಾಗಿ ಹೇಳಿದರು. ಆದರೆ ಮೊಟ್ಟೆಯನ್ನೂ ತಿನ್ನದವಳು ಕಬ್ಬಿಣಾಂಶಕ್ಕೆ ಏನು ಮಾಡಬೇಕೆಂದು ಕೇಳಿದರೆ, ಅದೇ ಕರಪತ್ರವನ್ನು ಮತ್ತೆ ತಿರುಗಿಸಿ ಕೊಟ್ಟರು. ಕಾಳು, ಸೊಪ್ಪು, ಅವುಗಳ ಮೇಲೆ ಒಂದಿಷ್ಟು ನಿಂಬೆರಸ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಈ ಭೇಟಿಗೆ ನಾನು ಐದರಲ್ಲಿ ಒಂದು ಅಂಕ ಕಳೆದು ನಾಲ್ಕು ಕೊಡುವುದು ಈ ಕಾರಣಕ್ಕೆ.

ನಾಲ್ಕನ್ನು ಮನಃಪೂರ್ವಕವಾಗಿ ಕೊಡುವುದಕ್ಕೂ ಕಾರಣವಿದೆ. ‘ನಿಮ್ಮ ತಾಯಿಗೆ ಬಸಿರಿನಲ್ಲಿ ಬಿಪಿ ಏರಿತ್ತೇ?’ ಎಂಬ ಪ್ರಶ್ನೆಗೆ ನಾನು ‘ಗೊತ್ತಿಲ್ಲ’ ಎಂದಿದ್ದೆ. ಆ ರಾತ್ರಿ ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನ ಸಲ ನಂಜು ಏರಿತ್ತು ಕಣೇ. ಕಾಲೆಲ್ಲ ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ, ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿತ್ತು. ಎಂಟು ತಿಂಗಳಿಗೇ ನಿನ್ನನ್ನು ತೆಗೆದರು’ ಎಂದಳು. ನಾನು ತಿಂಗಳು ತುಂಬುವ ಮೊದಲೇ ಹುಟ್ಟಿದವಳೆಂದು ಗೊತ್ತಿತ್ತು. ಏಕೆಂದು ಮೂವತ್ತು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಮರುದಿನ ಮಿಡ್‌ವೈಫ್ ಕೊಟ್ಟಿದ್ದ ಕಡತದ ಮೇಲಿದ್ದ ಸಂಖ್ಯೆಗೆ ಕರೆಮಾಡಿ ತಿಳಿಸಿದೆ. ಮೊದಲ ಬಸಿರು ಒಂದು ಕಾರಣ, ತಾಯಿಗೆ ಗರ್ಭನಂಜು (ಬಸಿರಿನಲ್ಲಿ ಬಿಪಿ ಏರುವ ತೊಂದರೆ) ಆಗಿದ್ದದ್ದು ಇನ್ನೊಂದು. ಎರಡೂ ಸೇರಿದರೆ ಹನ್ನೆರಡನೆಯ ವಾರದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುವುದು ಇಲ್ಲಿನ ಪದ್ಧತಿ ಎಂದು ಮಿಡ್‌ವೈಫ್ ವಿವರಿಸಿ, ಡಾಕ್ಟರಿಗೆ ಬರೆದರು. ಆದುದರಿಂದ ಭೇಟಿಗೆ ಹೋಗುವ ಮುನ್ನವೇ ಅಮ್ಮನಿಗೂ ಅತ್ತೆಗೂ ಫೋನ್ ಮಾಡಿ, ಬಿಪಿ, ಸಕ್ಕರೆ, ನಿಲ್ಲದೇ ಹೋದ ಬಸಿರು, ಉಳಿಯದ ಕೂಸು ಎಲ್ಲವನ್ನೂ ಸಂಕೋಚ ಬಿಟ್ಟು ಕೇಳಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.