ಅಲ್ಯೂಮಿನಿಯಂ ಲೋವರ್ ಆರ್ಮ್ ಹಾಕಿಸೋ ಮುಂಚೆ ಇದನ್ನ ಓದಿ

ತುಮಕೂರಲ್ಲಿ ಯಾರಾದ್ರೂ ನಿಮ್ಮ ಕಾರಿಗೆ ಆರ್ಗಾನ್ ವೆಲ್ಡಿಂಗ್ ಮಾಡಿದ ಅಲ್ಯೂಮಿನಿಯಂ ಲೋವರ್ ಆರ್ಮ್ (ಚಕ್ರವನ್ನ ಗಾಡಿಗೆ ಹಿಡಿದಿಡೋ ಕೆಳಗಿನ ತೋಳು) ಹಾಕ್ಕೊಡ್ತೀನಿ ಅಂದ್ರೆ ದಯವಿಟ್ಟು ಬೇಡ ಅನ್ನಿ. ದಿನಾ ಓಡಿಸೋ ಕಾರಿಗೆ ಬೇಡವೇ ಬೇಡ. ನಮ್ಮೂರ ಫ್ಯಾಬ್ರಿಕೇಶನ್ ಶೆಡ್ಡೊಂದರಲ್ಲಿ ನನಗೆ ಹೇಳಿದ್ದು: "ಹಗುರ ಸಾರ್, ತುಕ್ಕು ಹಿಡಿಯಲ್ಲ, ರೇಸ್ ಕಾರಿಗೆಲ್ಲ ಇದೇ ಹಾಕೋದು."

ನಂಬಿ ಹಾಕಿಸಿಕೊಂಡೆ. ಶಿರಾ ಗೇಟ್ ಹತ್ರ ಹಂಪ್ ದಾಟುವಾಗ ಟಕ್ ಅಂತು. ಆಮೇಲೆ ಬ್ರೇಕ್ ಒತ್ತಿದಾಗೆಲ್ಲ ಗಾಡಿ ಎಡಕ್ಕೆ ಎಳೀತಿತ್ತು. ಹಿಂದಿನ ಸೀಟಲ್ಲಿ ಅಮ್ಮ ಇದ್ರು. ಇದೇ ಕ್ಯಾತ್ಸಂದ್ರ ಟೋಲ್ ದಾಟಿ ಹೈವೇಲಿ ಸ್ಪೀಡಲ್ಲಿದ್ದಾಗ ಆಗಿದ್ರೆ?

ಅಲೈನ್‌ಮೆಂಟ್ ಹುಡುಗ ಗಾಡಿ ಎತ್ತಿ, ಬಟ್ಟೆಯಲ್ಲಿ ಒರೆಸಿ, "ಅಣ್ಣಾ ಇಲ್ನೋಡಿ" ಅಂದ. ವೆಲ್ಡಿಂಗ್ ಮೀನಿನ ಹುರುಪೆ ಜೋಡಿಸಿದ ಹಾಗೆ ನೀಟಾಗೇ ಇತ್ತು. ಅದರ ಅಂಚಿಗೇ ಸಣ್ಣ ಕಪ್ಪು ಗೆರೆ, ಬುಷ್ (ಆರ್ಮಿನ ರಬ್ಬರ್ ಕೀಲು) ಕೂರೋ ಜಾಗದ ಅರ್ಧ ಸುತ್ತು. ಸ್ಕ್ರೂಡ್ರೈವರಲ್ಲಿ ಮೀಟಿದ, ಬಾಯಿ ಬಿಡ್ತು.

6061-ಟಿ6 ಅನ್ನೋ, ಕಾಯಿಸಿ ಗಟ್ಟಿ ಮಾಡಿದ ಅಲ್ಯೂಮಿನಿಯಂ ಮಾಲು ಅಂತಾನೇ ಮಾರಿದ್ದರು. ಅದನ್ನ ವೆಲ್ಡ್ ಮಾಡಿದ್ರೆ ಬಿಸಿ ತಗುಲಿದ ಜಾಗದ ಗಟ್ಟಿತನ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ. ವಾಪಸ್ ಬರಬೇಕಂದ್ರೆ ಇಡೀ ಆರ್ಮನ್ನ ಸುಮಾರು 530 ಡಿಗ್ರಿಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಗಂಟೆಗಟ್ಟಲೆ ಹದವಾದ ಬಿಸಿಯಲ್ಲಿ ಇಡಬೇಕು. ಇದೇ ಹೀಟ್ ಟ್ರೀಟ್‌ಮೆಂಟ್. ಉಕ್ಕಾದ್ರೆ ಒಂದು ಮಿತಿಯೊಳಗಿನ ಪೆಟ್ಟು ಎಷ್ಟು ಬಿದ್ರೂ ತಾಳುತ್ತೆ. ಅಲ್ಯೂಮಿನಿಯಂಗೆ ಆ ಮಿತಿಯೇ ಇಲ್ಲ, ಪ್ರತಿ ಹಂಪೂ ಲೆಕ್ಕಕ್ಕೆ ಬರುತ್ತೆ. ರೇಸಿನವರು ಬಿಚ್ಚಿ ಬಿಚ್ಚಿ ಬಿರುಕು ನೋಡ್ತಾರೆ, ಬದಲಾಯಿಸ್ತಾರೆ. ನಾವು ನೋಡ್ತೀವಾ? ಕಂಪನಿಗಳು ಕೊಡೋ ಅಲ್ಯೂಮಿನಿಯಂ ಆರ್ಮ್ ಸಾಮಾನ್ಯವಾಗಿ ಫೋರ್ಜಿಂಗ್ (ಬಡಿದು ಒತ್ತಿ ರೂಪಿಸಿದ್ದು) ಅಥವಾ ಎರಕದ್ದು, ಹೀಗೆ ತುಂಡು ತುಂಡು ಅಂಟಿಸಿದ್ದಲ್ಲ.

ಶೆಡ್ಡಿನವರಿಗೆ ಫೋನ್ ಮಾಡಿದೆ. "ಗುಂಡಿಗೆ ಜೋರಾಗಿ ಇಳಿಸಿರ್ತೀರ ಸಾರ್." ರಿಮ್ಮಿಗೆ ಒಂದು ಗೀರಿಲ್ಲ! ಹೀಟ್ ಟ್ರೀಟ್‌ಮೆಂಟ್ ಮಾಡಿಸಿದ್ರಾ ಅಂದೆ. "ಅದೆಲ್ಲ ವಿಮಾನಕ್ಕೆ ಸಾರ್. ತನ್ನಿ, ಮೇಲೊಂದು ಪಟ್ಟಿ ಕೊಟ್ಟು ವೆಲ್ಡ್ ಹೊಡೀತೀನಿ." ಮತ್ತೆ ವೆಲ್ಡ್! ಬಿರುಕು ಬಿಟ್ಟಿದ್ದೇ ಅದರಿಂದ, ಅದರ ಮೇಲೇ ಇನ್ನೊಂದು ವೆಲ್ಡ್! ನನ್ನ ಹಳೇ ಉಕ್ಕಿನ ಆರ್ಮಾದ್ರೂ ಕೊಡಿ ಅಂದ್ರೆ, "ಗುಜರಿಗೆ ಹೋಯ್ತು." ಬಿಲ್ ಕೇಳಿದ್ದಕ್ಕೆ, "ನೀವೇ ಬೇಡ ಅಂದ್ರಲ್ಲ." ನಾನು ಯಾವತ್ತೂ ಬೇಡ ಅಂದಿಲ್ಲ.

ಈಗ ಕಂಪನಿ ಆರ್ಮೇ ಕೊಂಡು ಹಾಕಿಸಿದ್ದೀನಿ. ಈಗಾಗಲೇ ಹಾಕಿಸಿಕೊಂಡಿರೋರು ಇವತ್ತೇ ಗಾಡಿ ಎತ್ತಿಸಿ ವೆಲ್ಡಿಂಗ್ ಅಂಚನ್ನ ಒರೆಸಿ ನೋಡಿ. ಬಿಚ್ಚಿದ ಹಳೇ ಪಾರ್ಟನ್ನ ಅಲ್ಲೇ ಬಿಟ್ಟು ಬರಬೇಡಿ. ನನ್ನ ಹತ್ರ ಒಡೆದ ಆರ್ಮ್, ಯುಪಿಐ ರಸೀದಿ, ಅವರ ವಾಟ್ಸಾಪ್ ಮೆಸೇಜ್ ಎಲ್ಲ ಇದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೀತಿದ್ದೀನಿ.